ಫ್ರಾನ್ಸಿನಿಂದ ಬಂದವರು

ಗುರುವಾರ ಬೆಳಿಗ್ಗೆ ಎದಿಲ್ಬೆರ್ತೊ ಒಂದು ಕ್ರಯಪತ್ರದ ನಕಲನ್ನು ಮೂಲದೊಂದಿಗೆ ತಾಳೆ ನೋಡುತ್ತ, ‘ಸದರಿ ಸ್ವತ್ತಿನ ಪೂರ್ವಕ್ಕೆ’ ಎಂಬ ಮಾತಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾಗ, ಎದುರು ಮೇಜಿನ ಗ್ರಿಮನೇಸಾ ಟೈಪು ಮಾಡುವುದನ್ನು ನಿಲ್ಲಿಸಿ, "ಏನ್ರೀ, ಸಿನಿಮಾದಲ್ಲಿದೀರಂತೆ, ಒಂದ್ ಮಾತು ಹೇಳೇ ಇಲ್ವಲ್ಲ?" ಎಂದಳು. ಅವನು ಬೆರಳು ತೆಗೆಯಲಿಲ್ಲ. ತೆಗೆದರೆ ಸಾಲು ತಪ್ಪುತ್ತದೆ ಎಂದುಕೊಂಡ. "ಯಾವ ಸಿನಿಮಾ?" ಎಂದು ಕೇಳಿದ ದನಿ ತನ್ನದಲ್ಲ, ಗೋಡೆಯ ಆಚೆ ಯಾರೋ ಕೇಳಿದ್ದು ಅನ್ನಿಸಿತು. ಬೀದಿ ಹಾಸ್ಯಗಾರರ ಮೇಲೆ ಯಾರೋ ಸಾಕ್ಷ್ಯಚಿತ್ರ ತೆಗೆದಿದ್ದಾರಂತೆ, ತಂಗಿಯ ಮಗಳು ಕಾಲೇಜಿನವರ ಜೊತೆ ನೋಡಿಕೊಂಡು ಬಂದಳಂತೆ. ಸಾನ್ ಮಾರ್ತಿನ್ ಚೌಕದಲ್ಲಿ ಆ ‘ಏಡಿ’ ಅನ್ನುವವನು ತಮಾಷೆ ಮಾಡುತ್ತಾನಲ್ಲ, ಅವನ ಸುತ್ತ ನಿಂತ ಜನರ ನಡುವೆ ನೀವು. "ಕ್ರಿಸ್‌ಮಸ್‌ಗೆ ಆಫೀಸಿಗೆ ಬಂದಿದ್ಳಲ್ಲ, ಸಿನಿಮಾದಲ್ಲಿ ನಿಮ್ಮನ್ನ ನೋಡಿದ ತಕ್ಷಣ ಗುರುತು ಸಿಕ್ತಂತೆ. ಪರದೆ ತುಂಬ ನಿಮ್ಮ ಮುಖಾನೇ ಅಂತೆ. ನಗ್ತಾ ಇದೀರಂತೆ. ನಾನು ನಂಬಲೇ ಇಲ್ಲ ಕಣ್ರೀ. ಹನ್ನೊಂದು ವರ್ಷದಿಂದ ಎದುರಿಗೆ ಕೂತಿದೀನಿ, ನಿಮ್ಮ ಹಲ್ಲು ಯಾವ ಬಣ್ಣ ಅಂತ ನನಗೆ ಗೊತ್ತಿಲ್ಲ." ಅವನು ತುಟಿ ಮುಚ್ಚಿಕೊಂಡೇ ನಕ್ಕಂತೆ ಮಾಡಿದ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರ ಗೋಡೆ ಎಂದು ಮುಂದಿನ ಸಾಲು ಓದಿದ. ಒಂದೂ ತಲೆಗೆ ಇಳಿಯಲಿಲ್ಲ. ಯಾವ ದಿನ? ಆ ವೃತ್ತದಲ್ಲಿ ಅವನು ನೂರಾರು ಮಧ್ಯಾಹ್ನ ನಿಂತಿದ್ದಾನೆ. ನೂರಾರು ಮಧ್ಯಾಹ್ನಗಳಲ್ಲಿ ಯಾವುದೋ ಒಂದನ್ನು ಹಿಡಿದಿರಬಹುದು. ಅದೇ ದಿನ ಯಾಕಾಗಬೇಕು? ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಅದೇ ದಿನ, ಬೇರೆ ದಿನವಲ್ಲ ಎಂದು ಖಚಿತವಾಗಿಬಿಟ್ಟಿತು. ಆವತ್ತು ಜನರ ತಲೆಗಳ ಮೇಲೆ ಉದ್ದ ಕೋಲಿನ ತುದಿಗೆ ಕಟ್ಟಿದ ಬೂದು ರೋಮದ ಮೈಕೊಂದು ಸತ್ತ ಬೆಕ್ಕಿನ ಹಾಗೆ ತೂಗುತ್ತಿತ್ತು. ನೋಡಿದ್ದ. ನೋಡಿಯೂ ಅದು ಏನೆಂದು ಕೇಳಿಕೊಂಡಿರಲಿಲ್ಲ.

ಗ್ರಿಮನೇಸಾ ಮರೆತುಬಿಡುತ್ತಾಳೆ ಎಂದುಕೊಂಡಿದ್ದ. ಅವಳು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಎರಡು ಟಿಕೇಟು ತಂದಿದ್ದಳು, ಶುಕ್ರವಾರ ಸಂಜೆ ಆರರ ಆಟ, ಶ್ರೀಮಂತರ ಬಡಾವಣೆ ಮಿರಾಫ್ಲೋರೆಸ್‌ನಲ್ಲಿ. "ಬರಲ್ಲ ಅನ್ಬೇಡಿ. ಸಿನಿಮಾ ನಟನ ಪಕ್ಕದಲ್ಲಿ ಕೂತು ಸಿನಿಮಾ ನೋಡೋ ಯೋಗ ನನಗೆ ಇನ್ಯಾವತ್ತು ಬರುತ್ತೆ?" ಬರುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ ಬೇಕಿತ್ತು. ಕಾರಣ ಹೇಳಿದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತಿತ್ತು. ಈ ಊರಿನಲ್ಲಿ ಅವನು ಬದುಕಿದ್ದೇ ಮೂರನೇ ಪ್ರಶ್ನೆ ಹುಟ್ಟದಂತೆ ನೋಡಿಕೊಂಡು. ಯಾವ ಊರಿನವರು ಅಂದರೆ ಲಿಮಾ. ತಂದೆತಾಯಿ? ತೀರಿಹೋದರು. ಅಲ್ಲಿಗೆ ಮುಗಿಯಬೇಕು. ಒಂಬತ್ತು ವರ್ಷದವನಿದ್ದಾಗ ಅಯಾಕುಚೋದ ಬೆಟ್ಟದಿಂದ ಅಕ್ಕ ದೋಮಿತಿಲಾ ಅವನನ್ನು ಒಂದು ಲಾರಿಯ ಈರುಳ್ಳಿ ಮೂಟೆಗಳ ನಡುವೆ ಕೂರಿಸಿಕೊಂಡು ಇಳಿದು ಬಂದಿದ್ದು, ಹಳ್ಳಿಯಲ್ಲಿ ಗುಂಡು ಹಾರಿಸಿದವರು ಯಾವ ಕಡೆಯವರೆಂದು ಇವತ್ತಿಗೂ ಅವರಿಬ್ಬರಿಗೂ ಗೊತ್ತಿಲ್ಲದ್ದು, ಅಕ್ಕ ಕಂಡವರ ಮನೆಯ ಬಟ್ಟೆ ಒಗೆದು ಅವನನ್ನು ಓದಿಸಿದ್ದು, ಇದೆಲ್ಲ ಮೂರನೇ ಪ್ರಶ್ನೆಯ ಆಚೆಗಿದ್ದ ಸಂಗತಿಗಳು. ಅಲ್ಲಿಯ ತನಕ ಯಾರನ್ನೂ ಬರಗೊಟ್ಟಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಒಂದು ವರ್ಷ ಪೂರ್ತಿ, ಕನ್ನಡಿಯ ಮುಂದೆ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿದ್ದ. ಬೆಟ್ಟದವರ ನಾಲಿಗೆಗೆ ‘ಇ’ಕಾರ ‘ಎ’ಕಾರಗಳ, ‘ಉ’ಕಾರ ‘ಒ’ಕಾರಗಳ ವ್ಯತ್ಯಾಸ ದಕ್ಕುವುದಿಲ್ಲ, ಬಾಯಿ ತೆರೆದ ಕೂಡಲೇ ಸಿಕ್ಕಿಬೀಳುತ್ತಾರೆ. ಅಕ್ಕ ಮೂಲೆಯಲ್ಲಿ ಬಟ್ಟೆ ಮಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ, "ಈಗ ನೀನು ಮಾತಾಡಿದ್ರೆ ರೇಡಿಯೋ ಹಂಗೇ ಕೇಳುತ್ತೆ ಕಣೋ" ಅಂದಿದ್ದಳು. ಹೆಮ್ಮೆಯಿಂದ ಅಂದಳೋ, ತಮ್ಮನೇ ಮನೆ ಬಿಟ್ಟು ರೇಡಿಯೋದೊಳಕ್ಕೆ ಹೊರಟುಹೋದ ಅನ್ನುವಂತೆ ಅಂದಳೋ ಅವನಿಗೆ ತಿಳಿದಿರಲಿಲ್ಲ.

ಚಿತ್ರಮಂದಿರ ಚಿಕ್ಕದು, ನೂರು ಸೀಟಿನದು, ತಣ್ಣಗಿತ್ತು. ಹುರಿದ ಜೋಳದ ವಾಸನೆಗೆ ಸೆಂಟಿನ ವಾಸನೆ ಬೆರೆತಿತ್ತು. ಬಂದವರಲ್ಲಿ ಹೆಚ್ಚಿನವರು ಬಿಳಿ ಮುಖದವರು, ಕುತ್ತಿಗೆಗೆ ಅಲ್ಪಾಕ ಉಣ್ಣೆಯ ಶಾಲು ಸುತ್ತಿಕೊಂಡವರು. ಬೆಟ್ಟದ ಉಣ್ಣೆ ಈ ಕುತ್ತಿಗೆಗಳ ಮೇಲೆ ಮಾತ್ರ ಯಾಕೆ ಇಷ್ಟು ನಯವಾಗಿ ಕಾಣುತ್ತದೆ ಎಂದು ಅವನು ಯೋಚಿಸುತ್ತಿದ್ದಾಗ ದೀಪ ಆರಿತು. ಮೊದಲ ಅರ್ಧ ಗಂಟೆ ಅವನಿಗೆ ಹಾಯೆನಿಸಿತು. ಬೇರೆ ಬೇರೆ ಚೌಕಗಳ ಹಾಸ್ಯಗಾರರು, ಅವರ ಬಾಡಿಗೆ ಕೋಣೆಗಳು, ಬಣ್ಣ ಬಳಿದುಕೊಳ್ಳುವ ಒಡೆದ ಕನ್ನಡಿಗಳು, ಪೊಲೀಸರಿಂದ ಓಡುವ ಓಟ. ಆಮೇಲೆ ತಮಾಷೆಗಳು ಶುರುವಾದವು. ದಪ್ಪಗಿನ ಹೆಂಗಸಿನ ಮೇಲೆ, ಕುಂಟನ ಮೇಲೆ, ಪಾದ್ರಿಯ ಮೇಲೆ, ಕರಿಯನ ಮೇಲೆ, ಹೆಣ್ಣಿಗ ಗಂಡಸಿನ ಮೇಲೆ. ಬೇಕೆಂದೇ ಹೊಲಸು ಮಾಡಿದ, ಉಗುಳಿದ ಹಾಗಿದ್ದ ಮಾತುಗಳು. ಚೌಕದಲ್ಲಿ ಈ ಮಾತುಗಳಿಗೆ ಜನ ತಡೆಯದೆ ನಗುತ್ತಿದ್ದರು, ಹೊಟ್ಟೆ ಹಿಡಿದು, ಪಕ್ಕದವನ ಬೆನ್ನು ಬಡಿದು. ಇಲ್ಲಿ ನಗು ಅರೆಗಳಿಗೆ ತಡವಾಗಿ ಬರುತ್ತಿತ್ತು. ಮೊದಲು ಒಬ್ಬರು ಮೂಗಿನಲ್ಲಿ ನಗುವರು. ಅದಕ್ಕೆ ಅಪ್ಪಣೆ ಸಿಕ್ಕಿತೇ ಎಂದು ಉಳಿದವರು ಕಾಯುವರು. ಆಮೇಲೆ ಒಟ್ಟಿಗೆ ನಕ್ಕು, ಒಟ್ಟಿಗೆ ನಿಲ್ಲಿಸಿ, ನಿಲ್ಲಿಸಿದ ಮೇಲೆ ಯಾರೋ "ಅಯ್ಯೋ ದೇವರೇ" ಎಂದು ಉಸಿರುಬಿಡುವರು. ಕುಂಟನ ಮಾತು ಬಂದಾಗ ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು, "ಇದನ್ನ ನೋಡೋಕೆ ನಮ್ಮನ್ನ ಕರೆದ್ರಾ?" ಎಂದು ಕತ್ತಲೆಗೆ ಕೇಳಿ, ಹೆಂಡತಿಯ ತೋಳು ಹಿಡಿದು ಹೊರಗೆ ಹೋದರು. ಬಾಗಿಲು ತೆರೆದ ಬೆಳಕಿನಲ್ಲಿ ಆ ಹೆಂಡತಿ ಇನ್ನೂ ನಗು ತಡೆದುಕೊಳ್ಳುತ್ತಿದ್ದುದು ಎದಿಲ್ಬೆರ್ತೊಗೆ ಕಾಣಿಸಿತು. ಗ್ರಿಮನೇಸಾ ಮಾತ್ರ ಚೌಕದವಳ ಹಾಗೆ ನಗುತ್ತಿದ್ದಳು, ಜೋಳದ ಪೊಟ್ಟಣ ಅಲುಗುವಂತೆ. ಪಕ್ಕದ ಸೀಟಿನ ಹುಡುಗಿ ಅವಳತ್ತ ಒಮ್ಮೆ ನೋಡಿ ಶಾಲು ಸರಿಮಾಡಿಕೊಂಡಳು.

ಆಮೇಲೆ ಏಡಿ ಬಂದ. ಡೊಂಕುಗಾಲಿನ ಕುಳ್ಳ, ಕೆನ್ನೆಗೆ ಎರಡು ಕೆಂಪು ಬಟ್ಟು, ಮುಂದಿನ ಎರಡು ಹಲ್ಲಿಲ್ಲ, ಮೈಬಣ್ಣ ಎದಿಲ್ಬೆರ್ತೊನದಕ್ಕಿಂತ ಒಂದು ಛಾಯೆ ಕಪ್ಪು. ಅವನ ಕಣ್ಣು ದೀಪಸ್ತಂಭದ ದೀಪದ ಹಾಗೆ ವೃತ್ತದ ಸುತ್ತ ತಿರುಗುತ್ತಿತ್ತು, ಯಾರನ್ನು ಒಳಗೆ ಎಳೆಯಲಿ ಎಂದು ಹುಡುಕುತ್ತ. ಎದಿಲ್ಬೆರ್ತೊಗೆ ಅದರಿಂದ ತಪ್ಪಿಸಿಕೊಳ್ಳುವ ಉಪಾಯ ಗೊತ್ತಿತ್ತು. ಎರಡನೇ ಸಾಲಿನಲ್ಲಿ ನಿಲ್ಲಬೇಕು, ಎತ್ತರದವನೊಬ್ಬನ ಭುಜದ ಹಿಂದೆ, ಮತ್ತು ಆ ಕಣ್ಣು ತನ್ನ ಕಡೆ ತಿರುಗುವ ಮುಂಚೆಯೇ ನಗಲು ಶುರುಮಾಡಿಬಿಡಬೇಕು. ಆಗಲೇ ನಗುತ್ತಿರುವವನನ್ನು ಯಾವ ಹಾಸ್ಯಗಾರನೂ ಮುಟ್ಟುವುದಿಲ್ಲ. ವರ್ಷಗಟ್ಟಲೆ ಅವನು ಹೀಗೆ ಸುಂಕ ಕಟ್ಟಿದವನಂತೆ ನಕ್ಕು, ಊಟದ ಬಿಡುವು ಮುಗಿಸಿ, ಹಗುರಾಗಿ ಆಫೀಸಿಗೆ ಮರಳಿದ್ದ. ಅಲ್ಲಿ ಬಯ್ಯಿಸಿಕೊಳ್ಳುವವನು ಇನ್ನೊಬ್ಬನಾಗಿರುತ್ತಿದ್ದ. ಒಂದು ತಾಸಿನ ಮಟ್ಟಿಗೆ, ಬಯ್ಯಿಸಿಕೊಳ್ಳದವರೆಲ್ಲ ಒಂದೇ ಜಾತಿ. ಈಗ ಪರದೆಯ ಮೇಲೆ ವೃತ್ತದ ಒಂದು ಅಂಚು ಅಲುಗಿತು, ಜನ ದಾರಿಬಿಟ್ಟರು, ಏಡಿ ಒಬ್ಬ ಹೆಂಗಸನ್ನು ಮೊಣಕೈ ಹಿಡಿದು ನಡುವಿಗೆ ತಂದ. ಅಗಲವಾದ ಲಂಗ, ಎರಡು ಜಡೆ, ತಲೆಗೆ ಟೊಪ್ಪಿ, ಬೆನ್ನಿಗೆ ಬಣ್ಣದ ಬಟ್ಟೆಯ ಗಂಟು. ಆ ಗಂಟಿನಲ್ಲಿ ಏನಿತ್ತೆಂದು ಈ ಚಿತ್ರಮಂದಿರದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಬೇಯಿಸಿದ ಜೋಳ, ಒಂದು ತುಂಡು ಗಿಣ್ಣು, ಒಣಮಾಂಸ, ಬಿಸಿ ಆರದಂತೆ ಮೂರು ಸುತ್ತು ಬಟ್ಟೆ. ಅವನ ಹುಟ್ಟಿದ ದಿನ ಅದು. ಪ್ರತಿ ವರ್ಷ ಆ ದಿನ ಅವಳು ಬೆಟ್ಟದಂಚಿನ ಬಡಾವಣೆಯಿಂದ ಎರಡು ಬಸ್ಸು ಬದಲಿಸಿ ಊಟ ತರುತ್ತಿದ್ದಳು. ಆಫೀಸಿನ ಒಳಗೆ ಬರುತ್ತಿರಲಿಲ್ಲ. ಎದುರಿನ ಔಷಧಿ ಅಂಗಡಿಯ ಪಕ್ಕ ನಿಂತಿರುತ್ತಿದ್ದಳು, ಅವನೇ ಹೊರಗೆ ಬಂದು ಇಸಿದುಕೊಂಡು ಹೋಗುವ ತನಕ. ಆವತ್ತು ಅವನು ಕಾಯದೆ ಚೌಕಕ್ಕೆ ಬಂದುಬಿಟ್ಟಿದ್ದ, ಹುಡುಕಿಕೊಂಡು ಅವಳೂ ಬಂದಿರಬೇಕು.

"ಮಾಮಿತಾ, ಗಂಟಿನೊಳಗೆ ಏನಿದೆ?" ಏಡಿ ಕೇಳಿದ, ಬೆಟ್ಟದ ಹೆಂಗಸರನ್ನು ‘ಅಮ್ಮಾ’ ಎಂದು ಸಲುಗೆಯಿಂದ ಕರೆಯುವವರ ಹಾಗೆ. "ಮಗು ಇದ್ರೆ ಆಚೆ ತೆಗಿ, ಉಸಿರು ಕಟ್ಟುತ್ತೆ. ಗಂಡ ಇದ್ರೆ ಅಲ್ಲೇ ಇರ್ಲಿ ಬಿಡು." ಚೌಕ ನಕ್ಕಿತು. ಚಿತ್ರಮಂದಿರವೂ ನಕ್ಕಿತು. "ಸ್ವಲ್ಪ ಹಿಂದೆ ಸರೀರಪ್ಪ, ಗಾಳಿ ಆಡ್ಲಿ. ಕುರಿ ವಾಸನೆ ಬರ್ತಿದೆ ಅಂತ ಈಯಮ್ಮಂಗೂ ಕಷ್ಟ ಆಗ್ತಿದೆ, ನಿಮ್ಮಿಂದ." ಮತ್ತೆ ನಗು. "ಬಿಸಿಲಲ್ಲಿ ಯಾಕೆ ನಿಂತಿದೀಯ ಮಾಮಿತಾ?" ಎಂದು ಕೇಳಿ, ಉತ್ತರವನ್ನೂ ತಾನೇ ಅವಳ ದನಿಯಲ್ಲಿ ಕೊಟ್ಟ: "ಬೆಸೆಲಲ್ಲೆ ನೆಂತೆಲ್ಲ ಸ್ವಾಮೆ, ನೆಳ್ಳಲ್ಲೆ ನೆಂತೆದ್ದೇನೆ!" ಎದಿಲ್ಬೆರ್ತೊನ ನಾಲಿಗೆ ಬಾಯೊಳಗೇ ತಾನಾಗಿ ಆ ಅಕ್ಷರಗಳನ್ನು ತಿದ್ದಿತು. ಪರದೆಯ ಮೇಲೆ ಅಕ್ಕ ಗಂಟಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮರ್ಯಾದಸ್ಥರ ಮನೆಗೆ ಬಂದವಳಂತೆ ನಗುಮುಖ ಮಾಡಿಕೊಂಡು ನಿಂತಿದ್ದಳು. "ಈ ಲಿಮಾದಲ್ಲಿ ನಿಂಗೆ ಯಾರಿದಾರೆ?" ಏಡಿ ಕೇಳಿದ. ಅವಳು ತಲೆ ಎತ್ತಿದಳು. ಒಂದು ಕ್ಷಣ ಕ್ಯಾಮೆರಾದ ಎಡಕ್ಕೆ ಎಲ್ಲೋ ನೋಡಿದಳು. "ಯಾರೊ ಎಲ್ಲ," ಎಂದಳು.

"ಯಾರೋ ಎಲ್ಲ?" ಏಡಿ ಕುಣಿದುಬಿಟ್ಟ. "ಎಲ್ಲಾನಾ? ಇಷ್ಟು ಜನ ಎಲ್ಲಾ ನಿನ್ನೋರೇನಾ? ಸುಮ್ನೆ ಅಲ್ಲ ಬಿಡಿ, ಅರ್ಧ ಊರಿಗೆ ಈಯಮ್ಮಂದೇ ಮೂಗು! ಎಲ್ಲಿ, ಕೈ ಎತ್ರಪ್ಪ. ಈಕೆ ನಮ್ಮೋಳು ಅನ್ನೋರು ಒಬ್ರಾದ್ರೂ ಕೈ ಎತ್ರಿ." ಕ್ಯಾಮೆರಾ ನಿಧಾನವಾಗಿ ವೃತ್ತದ ಸುತ್ತ ಹೋಯಿತು. ಕಂದು ಮುಖಗಳು, ಅಗಲ ಕೆನ್ನೆಗಳು, ಅವಳದೇ ಕಣ್ಣು, ಅವಳದೇ ಮೂಗು. ಬೂಟ್ ಪಾಲಿಶಿನವರು, ಗುಮಾಸ್ತರು, ಕೆಲಸ ಹುಡುಕಿ ಸುಸ್ತಾದವರು. ಎಲ್ಲರೂ ನೆಲ ನೋಡುತ್ತಿದ್ದರು. ಒಂದು ಕೈಯೂ ಮೇಲಕ್ಕೆ ಹೋಗಲಿಲ್ಲ. ಏಡಿ ಸಾಕಷ್ಟು ಹೊತ್ತು ಬಿಟ್ಟ. ಆ ಕಲೆ ಅವನಿಗೆ ಗೊತ್ತಿತ್ತು. ಆಮೇಲೆ ಟೊಪ್ಪಿಯ ಕೆಳಗೆ ಅವಳ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವನಂತೆ ಇಡೀ ಚೌಕಕ್ಕೆ ಕೇಳುವ ಹಾಗೆ ಹೇಳಿದ: "ತಪ್ಪು ತಿಳೀಬೇಡ ಮಾಮಿತಾ. ಇವರೆಲ್ಲ ಫ್ರಾನ್ಸಿಂದ ಬಂದಿರೋರು."

ಆಗ ಚೌಕ ಸಿಡಿಯಿತು. ಆ ನಗುವಿನ ನಡುವಿನಿಂದ ಒಂದು ಮುಖ ಮುಂದಕ್ಕೆ ಬಂತು, ಸದ್ದು ಪೂರ್ತಿ ನಿಂತುಹೋಯಿತು, ಚಿತ್ರದ ವೇಗ ಇಳಿಯಿತು, ಆ ಮುಖ ಪರದೆ ತುಂಬ ಬೆಳೆಯಿತು. "ಬಂದ್ರಿ, ಬಂದ್ರಿ!" ಎಂದು ಗ್ರಿಮನೇಸಾ ಅವನ ತೋಳು ತಿವಿದಳು. ಅವನು ತನ್ನನ್ನು ನೋಡಿದ. ಒಸಡಿನ ತನಕ ತೆರೆದ ಬಾಯಿ, ಹಿಂದಿನ ದವಡೆಯಲ್ಲಿ ಬೂದು ಸಿಮೆಂಟು ತುಂಬಿಸಿದ ಹಲ್ಲು, ಮುಚ್ಚಿದ ಕಣ್ಣು, ಬಾಲದ ಹಾಗೆ ಮೇಲೆದ್ದ ಟೈ. ಸದ್ದಿಲ್ಲದ ಆ ನಗು ನಗುವಾಗಿರಲಿಲ್ಲ. ಯಾರೋ ಗಂಟಲು ಹಿಸುಕಿದ ಪ್ರಾಣಿಯೊಂದು ಗಾಳಿಗಾಗಿ ಬಾಯ್ಬಿಟ್ಟಂತಿತ್ತು. ಅದು ಮುಗಿಯಲೇ ಇಲ್ಲ. ಅರೆನಿಮಿಷದ ಹಿಂದೆ ನಕ್ಕಿದ್ದ ಚಿತ್ರಮಂದಿರ ಈಗ ಒಟ್ಟಿಗೆ ಲೊಚಗುಟ್ಟಿತು. "ಎಂಥ ಮೃಗ ನೋಡು," ಎಂದಿತು ಹಿಂದಿನಿಂದ ಒಂದು ಹೆಣ್ಣು ದನಿ, "ತಾನೂ ಬೆಟ್ಟದವನೇ ಇದ್ದ ಹಾಗಿದಾನೆ, ನಾಚಿಕೆ ಇಲ್ಲ." ಆ ಮಾತು ಬಂದದ್ದೇ ಇಡೀ ಮಂದಿರಕ್ಕೆ ಒಂದು ಬಗೆಯ ಸಮಾಧಾನವಾದಂತಿತ್ತು. ತಾವು ಅಷ್ಟು ಹೊತ್ತು ನಕ್ಕದ್ದೆಲ್ಲವನ್ನೂ ಆ ತೆರೆದ ಬಾಯಿಯೊಳಗೆ ಹಾಕಿ ಕೈ ತೊಳೆದುಕೊಂಡಂತೆ. ಗ್ರಿಮನೇಸಾಳ ಮೊಣಕೈ ಮೆಲ್ಲಗೆ ಹಿಂದಕ್ಕೆ ಸರಿಯಿತು. ಅವನಿಗೆ ಅದು ಯಾವುದೂ ಅಷ್ಟಾಗಿ ತಾಗಲಿಲ್ಲ. ಯಾಕೆಂದರೆ ಪರದೆಯ ಮೇಲೆ ಈಗ, ಅವನ ಮುಖದ ಬೆನ್ನಿಗೇ, ಮತ್ತೆ ಅಕ್ಕನ ಮುಖ ಬಂದಿತ್ತು. ಅವಳು ಉತ್ತರ ಕೊಟ್ಟ ಆ ಗಳಿಗೆ, ಈಗ ಇನ್ನೊಂದು ಕ್ಯಾಮೆರಾದಿಂದ. "ಯಾರೊ ಎಲ್ಲ" ಅನ್ನುವ ಮುಂಚೆ ಅವಳು ಎಡಕ್ಕೆ ನೋಡಿದ್ದಳಲ್ಲ, ಅಲ್ಲಿ ಎತ್ತರದ ಮನುಷ್ಯನೊಬ್ಬ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದ್ದ. ಅವನ ಬಾಗಿದ ಬೆನ್ನಿನ ಮೇಲಿಂದ ಎದಿಲ್ಬೆರ್ತೊ, ಸೊಂಟದ ತನಕ, ಬಿಸಿಲಿನಲ್ಲಿ ಕಾಣುತ್ತಿದ್ದ. ಆವತ್ತಿನಿಂದ ಮೂರು ವರ್ಷ ಅವನು ಮನಸ್ಸಿನಲ್ಲಿ ಆ ಭುಜದ ಹಿಂದೆಯೇ ನಿಂತಿದ್ದ. ಮೂರು ವರ್ಷ ಅಕ್ಕ ನೋಡಿಲ್ಲ, ನೋಡಿದ್ದರೆ ಹೇಳುತ್ತಿದ್ದಳು ಎಂದು ಪ್ರತಿ ಭಾನುವಾರವೂ ತನಗೆ ತಾನೇ ಹೇಳಿಕೊಂಡು ಅವಳ ಕೈಯ ಸೂಪು ಕುಡಿದಿದ್ದ. ಅವಳು ನೇರವಾಗಿ ಅವನ ಕಣ್ಣನ್ನೇ ನೋಡಿ, ನೋಡಿದ ಮೇಲೆ, ಯಾರೂ ಇಲ್ಲ ಎಂದಿದ್ದಳು.

ದೀಪ ಹತ್ತಿದ ಮೇಲೆ ಚರ್ಚೆ ಇದೆ ಎಂದು ಯಾರಿಗೆ ಗೊತ್ತಿತ್ತು? ನಿರ್ದೇಶಕಿ ಚಿಕ್ಕ ವಯಸ್ಸಿನವಳು, ಕೂದಲು ಗಿಡ್ಡ, ಮಾತು ಮೆತ್ತಗೆ. ಜನ ಒಬ್ಬೊಬ್ಬರಾಗಿ ಎದ್ದು ತಮಗೆ ಎಷ್ಟು ನೋವಾಯಿತೆಂದು ಹೇಳಿದರು. ನಗಬಾರದಿತ್ತು, ನಕ್ಕೆವು, ಅದನ್ನು ತೋರಿಸಿಕೊಟ್ಟಿರಿ ಎಂದರು. ಆ ನಗುವ ಮನುಷ್ಯನ ಮುಖ ನಮ್ಮ ದೇಶದ ಮುಖ ಎಂದು ಕನ್ನಡಕದವರೊಬ್ಬರು ಹೇಳಿದಾಗ ಹಲವರು ತಲೆದೂಗಿದರು. "ಆ ಹೆಂಗಸನ್ನ ಮೂರು ವರ್ಷದಿಂದ ಹುಡುಕ್ತಿದೀವಿ," ಎಂದಳು ನಿರ್ದೇಶಕಿ, "ಹೆಸರು ಕೂಡ ಸಿಕ್ಕಿಲ್ಲ. ಅದು ನನ್ನನ್ನ ಕಾಡುತ್ತೆ." ಎದಿಲ್ಬೆರ್ತೊ ಹೊರಗೆ ಹೋಗೋಣವೆಂದು ಎದ್ದ. ಅಷ್ಟೇ ಅವನ ಉದ್ದೇಶ. ಅಷ್ಟರಲ್ಲಿ ಶಾಲಿನ ಹುಡುಗಿ ಅವನ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಪಕ್ಕದವನಿಗೆ ಏನೋ ಹೇಳಿದಳು. ತಲೆಗಳು ಒಂದೊಂದಾಗಿ ತಿರುಗಿದವು. ಎದ್ದು ನಿಂತವನು ಮಾತಾಡುವವನು ಎಂದುಕೊಂಡು ಯಾರೋ ಅವನ ಕೈಗೆ ಮೈಕು ಕೊಟ್ಟರು. "ಆಕೆ ಹೆಸರು ದೋಮಿತಿಲಾ," ಎಂದ. ದನಿ ದೊಡ್ಡದಾಗಿ ಗೋಡೆಗೆ ಬಡಿದು ವಾಪಸು ಬಂತು. "ನನ್ನ ಅಕ್ಕ. ನನ್ನ ಹೆರೆಯಕ್ಕ." ‘ಹಿರಿಯಕ್ಕ’ ಎನ್ನಲು ಹೋಗಿದ್ದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾಲಿಗೆ ಜಾರಿತು. ಹಿಂದಿನ ಸಾಲಿನಲ್ಲಿ ಒಬ್ಬ ಪಕ್ಕನೆ ನಕ್ಕುಬಿಟ್ಟ. ತಡೆಯಲಾರದೆ ಬಂದ ನಗು, ಆ ಸಂಜೆ ಆ ಮಂದಿರದಲ್ಲಿ ತಡವಾಗದೆ ಬಂದ ಒಂದೇ ನಗು. ಕೂಡಲೇ ನಾಲ್ಕಾರು ಜನ "ಶ್" ಎಂದರು. ಆಮೇಲೆ ಯಾರೋ ಚಪ್ಪಾಳೆ ಶುರುಮಾಡಿದರು. ಎಲ್ಲರೂ ತಟ್ಟಿದರು. ಎದ್ದು ನಿಂತು ತಟ್ಟಿದರು. ಅವನು ಮೈಕು ಹಿಡಿದುಕೊಂಡು ನಿಂತೇ ಇದ್ದ, ಅದನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ. ನಿರ್ದೇಶಕಿ ಬಂದು ಅಪ್ಪಿಕೊಂಡಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ನೀವಿಬ್ರೂ ಜೊತೆಗೆ ಕೂತು ಇದನ್ನ ನೋಡ್ಬೇಕು," ಎಂದಳು, "ನಾನು ಅದನ್ನ ತೆಗೀಬೇಕು. ದಯವಿಟ್ಟು. ಸೋಮವಾರ ಬರ್ಲಾ?" ಅವನು ಅಕ್ಕನ ಬಡಾವಣೆಯ ಹೆಸರು ಹೇಳಿಬಿಟ್ಟಿದ್ದ.

ಬಸ್ಸಿನಲ್ಲಿ ಗ್ರಿಮನೇಸಾ ಕಿಟಕಿಯ ಆಚೆ ನೋಡುತ್ತಿದ್ದಳು. ಹೊರಗೆ ಜೂನಿನ ಬೂದು ಮಂಜು ಹನಿಯಾಗಲಾರದೆ ಗಾಜಿಗೆ ಅಂಟಿಕೊಂಡಿತ್ತು. ಉಳಿದ ಜೋಳದ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ತಿನ್ನುತ್ತಿರಲಿಲ್ಲ. "ನಮ್ಮಮ್ಮನೂ ಬೆಟ್ಟದೋಳೇ, ಹುವಾನ್ಕಾವೆಲಿಕಾದೋಳು," ಎಂದಳು. "ಮನೇಲಿ ಈಗ್ಲೂ ಲಂಗಾನೇ ಉಡೋದು. ಯಾರಾದ್ರೂ ಬಂದ್ರೆ ಒಳಗಿನ ಕೋಣೆಗೆ ಹೋಗಿಬಿಡ್ತಾಳೆ. ನಾವು ಹೇಳೋದೇ ಬೇಡ, ಅವಳೇ ಹೋಗ್ತಾಳೆ." "ನೀವು ಎದ್ದು ಅದನ್ನೆಲ್ಲ ಹೇಳಬಾರದಿತ್ತು ಕಣ್ರೀ. ಅಷ್ಟು ಜನರೆದುರು. ನಾನು ಪಕ್ಕದಲ್ಲೇ ಕೂತಿದ್ದೆ." ತನ್ನ ನಿಲ್ದಾಣಕ್ಕಿಂತ ಎರಡು ನಿಲ್ದಾಣ ಮುಂಚೆಯೇ ಇಳಿದು ಹೋದಳು. ಶನಿವಾರದ ಅರ್ಧ ದಿನದ ಕೆಲಸದಲ್ಲಿ ಆಫೀಸಿನ ಯಜಮಾನರಾದ ನೋಟರಿ ಸಾಹೇಬರು ಅವನನ್ನು ಒಳಗೆ ಕರೆದು, ಎಂದೂ ಹೇಳದಿದ್ದವರು "ಕೂತ್ಕೋ" ಎಂದರು. ಸೊಸೆ ಆ ಆಟಕ್ಕೆ ಹೋಗಿದ್ದಳಂತೆ, ಬಂದು ಅತ್ತಳಂತೆ. "ಒಳ್ಳೇ ಕೆಲಸ ಮಾಡಿದೆ, ಬೇರುಗಳನ್ನ ಮರೀಬಾರದು," ಎಂದರು. ಆಮೇಲೆ, ಇನ್ನು ಮೇಲೆ ಕಕ್ಷಿದಾರರ ಎದುರಿಗೆ ಪತ್ರ ಗಟ್ಟಿಯಾಗಿ ಓದುವ ಕೆಲಸವನ್ನು ಬೇರೆಯವರು ಮಾಡಲಿ, ನಿನಗೆ ಈಗ ಮನಸ್ಸು ಸರಿ ಇರೋದಿಲ್ಲ ಎಂದರು. ದಯೆಯಿಂದಲೇ ಹೇಳಿದರು.

ಭಾನುವಾರ ಅವನು ಹಳದಿ ಬಣ್ಣ ಬಳಿದ ಇನ್ನೂರಚಿಲ್ಲರೆ ಮೆಟ್ಟಿಲು ಹತ್ತಿದ. ಚೌಕದ ಆ ದಿನದಿಂದೀಚೆ ಅಕ್ಕ ಆಫೀಸಿಗೆ ಊಟ ತಂದಿರಲಿಲ್ಲ. ಮೊಣಕಾಲು ನೋವು ಎಂದಿದ್ದಳು. ಆ ಮೊಣಕಾಲಿನಿಂದಲೇ ದಿನಾ ಈ ಮೆಟ್ಟಿಲು ಇಳಿದು ಮಾರುಕಟ್ಟೆಯಲ್ಲಿ ಅವರೆ ಸುಲಿದು ಮಾರಿ, ಮತ್ತೆ ಹತ್ತುತ್ತಾಳೆ. ಅದನ್ನು ಅವನು ಒಮ್ಮೆಯೂ ಜೋಡಿಸಿ ನೋಡಿರಲಿಲ್ಲ, ನೋಡಲು ಇಷ್ಟಪಟ್ಟಿರಲಿಲ್ಲ. ಅವಳು ಬಾಗಿಲ ಹೊರಗೆ ತಗ್ಗಿನ ಮಣೆಯ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. "ಬಂದ್ಯಾ ಎದಿಚಾ," ಎಂದಳು, ಬೆಟ್ಟದ ಮಾತಿನಲ್ಲಿ. ಆ ಮಾತಿನಲ್ಲಿ ಅವನ ಹೆಸರಿಗೆ ಯಾವಾಗಲೂ ಒಂದು ಬಾಲ ಇರುತ್ತಿತ್ತು, ಮಗುವಿಗೆ ಇದ್ದ ಹಾಗೆ. ಅವನು ಇನ್ನೊಂದು ಮಣೆ ಎಳೆದುಕೊಂಡು ಕೂತ. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಸ್ಪ್ಯಾನಿಷ್‌ನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಈ ಭಾಷೆಯಲ್ಲಿ ಕಾಲೂರಲಿಲ್ಲ. ಕ್ಷಮೆ ಕೇಳುವುದಕ್ಕೆ ಇಲ್ಲಿ ಇದ್ದದ್ದು ಚಿಕ್ಕ ಹುಡುಗರು ಮಡಿಕೆ ಒಡೆದಾಗ ಹೇಳುವ ಮಾತು ಒಂದೇ.

"ಅಕ್ಕ, ಆವತ್ತು ಚೌಕದಲ್ಲಿ ನನ್ನ ನೋಡಿದ್ಯಲ್ಲ."

ಚಾಕು ನಿಲ್ಲಲಿಲ್ಲ. "ನೋಡ್ದೆ," ಎಂದಳು. "ನೀಲಿ ಟೈ ಕಟ್ಟಿದ್ದೆ."

"ಹೇಳ್ಲೇ ಇಲ್ಲ ನೀನು."

"ಏನ್ ಹೇಳೋದು? ನೀನು ಕೆಲಸದ ಹೊತ್ತಲ್ಲಿ ಜೊತೆಯೋರ ಸಂಗಡ ನಿಂತಿದ್ದೆ." ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. ಸಿನಿಮಾ ಆಗಿದೆ, ಅದರಲ್ಲಿ ಇಬ್ಬರೂ ಇದ್ದೇವೆ, ನಾಳೆ ಅದನ್ನು ತೆಗೆದವರು ಇಲ್ಲಿಗೇ ಬರುತ್ತಾರೆ ಎಂದು ಅವನು ಹೇಳಿದ. ನಗುವ ತನ್ನ ಮುಖದ ವಿಷಯವನ್ನೂ ಹೇಳಿದ. ಚಪ್ಪಾಳೆಯ ವಿಷಯ ಹೇಳಲಿಲ್ಲ. ಅವಳು ಕೇಳುತ್ತ ಕೇಳುತ್ತ ಕೈ ನಿಲ್ಲಿಸಿದಳು. ಬಹಳ ಕಾಲದಿಂದ ಕೇಳಬೇಕೆಂದಿದ್ದುದನ್ನು ಕೇಳುವವಳಂತೆ ಹತ್ತಿರ ಬಾಗಿದಳು. "ಹಂಗಾದ್ರೆ ನಿಂಗೆ ಗೊತ್ತಿರುತ್ತೆ. ಕೊನೇಲಿ ಆ ಡೊಂಕುಗಾಲಿನೋನು ಬಿರಬಿರ ಏನೋ ಕೇಳ್ದ. ನಂಗೆ ತಿಳೀಲಿಲ್ಲ. ಎಲ್ಲಾರೂ ಕೆಳಗೆ ನೋಡಿದ್ರು. ನನ್ನ ಕಾಲ ಕಡೆ. ಆಮೇಲೆ ಇನ್ನೇನೋ ಅಂದ, ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಲಂಗ ಹಿಂದ್ಗಡೆ ಹರಿದಿತ್ತೇನೋ ಅಂದ್ಕೊಂಡೆ. ಬಸ್ಸಲ್ಲಿ ಕೂರ್ಲೇ ಇಲ್ಲ, ಗಂಟು ಹಿಂದಕ್ಕೆ ಇಳಿಬಿಟ್ಕೊಂಡು ನಿಂತ್ಕೊಂಡೇ ಬಂದೆ. ಮನೇಲಿ ಬಿಚ್ಚಿ ನೋಡ್ದೆ, ಎಲ್ಲೂ ಹರಿದಿರ್ಲಿಲ್ಲ. ಕಲೆನೂ ಇರ್ಲಿಲ್ಲ. ಆದ್ರೂ ಆ ಲಂಗ ಮತ್ತೆ ಉಡ್ಲಿಲ್ಲ ನೋಡು. ಏನಂದ ಅವನು?"

"ಈಕೆ ನಮ್ಮೋಳು ಅನ್ನೋರು ಕೈ ಎತ್ತಿ ಅಂದ."

"ಅಷ್ಟೇನಾ? ಅದಕ್ಕೇ ಕೆಳಗೆ ನೋಡಿದ್ರಾ?"

"ಯಾರೂ ಎತ್ಲಿಲ್ಲ ಅಕ್ಕ. ನಾನೂ ಎತ್ಲಿಲ್ಲ."

"ಸದ್ಯ," ಎಂದಳು ಅವಳು. ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ನಿಜವಾಗಿಯೂ ಎದೆಯ ಮೇಲೆ ಒದ್ದೆ ಕೈ ಇಟ್ಟುಕೊಂಡಳು. "ಎತ್ತಿದ್ರೆ ನಿನ್ನನ್ನೂ ಒಳಗೆ ಎಳ್ಕೊಂಡ್ಬಿಡ್ತಿದ್ದ. ಮತ್ತೆ ನಕ್ಕಿದ್ದು ಯಾಕೆ?"

ಹೇಳಬೇಕಾಯಿತು. ಅವನು ಏಡಿಯ ಮಾತನ್ನು ತಮ್ಮ ಭಾಷೆಗೆ ತಿರುಗಿಸಲು ನೋಡಿದ. ಒಮ್ಮೆ ತಪ್ಪಿತು, ಮತ್ತೆ ಮೊದಲಿನಿಂದ ಹೇಳಿದ. ಒಬ್ಬರೂ ಕೈ ಎತ್ತದಿದ್ದಾಗ ಅವನು ನಿನಗೆ ಹೇಳಿದ, ತಪ್ಪು ತಿಳೀಬೇಡ, ಇವರೆಲ್ಲ ಫ್ರಾನ್ಸಿಂದ ಬಂದಿರೋರು ಅಂತ. ಅಕ್ಕ ಹುಬ್ಬು ಗಂಟಿಕ್ಕಿದಳು. "ಫ್ರಾನ್ಸು ಯಾವ ಕಡೆ?" ಎಂದು ಕೇಳಿದಳು. "ದೂರ. ಸಮುದ್ರದ ಆಚೆ. ಅಲ್ಲಿಯೋರೆಲ್ಲ ಬೆಳ್ಳಗಿರ್ತಾರೆ, ಕಣ್ಣು ನೀಲಿ." ಅವಳು ಕೆಳಗೆ, ಮೆಟ್ಟಿಲುಗಳ ಕೊನೆಗೆ ಮಂಜಿನಲ್ಲಿ ಮುಳುಗಿದ ತಗಡಿನ ಸೂರುಗಳ ಕಡೆ ನೋಡುತ್ತ ಯೋಚಿಸಿದಳು. ಬೂಟ್ ಪಾಲಿಶಿನವರನ್ನು, ಗುಮಾಸ್ತರನ್ನು, ಆ ಅಗಲ ಕೆನ್ನೆಗಳನ್ನು ಒಂದೊಂದಾಗಿ ಮತ್ತೆ ನಿಲ್ಲಿಸಿಕೊಳ್ಳುತ್ತಿದ್ದಳೇನೋ. ತುಟಿ ಒಂದು ಕಡೆ ನಡುಗಿತು. ಅಳುತ್ತಾಳೆ ಎಂದುಕೊಂಡು ಅವನು ಕೈ ಚಾಚಿದ. ಅವಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಸೆರಗಿನಂತೆ ಶಾಲನ್ನು ಬಾಯಿಗೆ ಒತ್ತಿಕೊಂಡು, ಆಮೇಲೆ ಶಾಲನ್ನೂ ಬಿಟ್ಟು. "ಫ್ರಾನ್ಸು!" ಎಂದಳು, ಹೊಟ್ಟೆ ಹಿಡಿದುಕೊಂಡು. "ನನ್ನ ಮೇಲಲ್ಲ ಕಣೋ ಆ ತಮಾಷೆ, ನಿಮ್ಮೆಲ್ಲರ ಮೇಲೆ! ಅಯ್ಯೋ, ನಾನೊಬ್ಳೇ ಅಲ್ವೇನೋ ಅಲ್ಲಿ ನಗ್ದೇ ಇದ್ದೋಳು!" ಕಣ್ಣೀರು ಬರುವ ತನಕ ನಕ್ಕು, ಉಸಿರು ತೆಗೆದುಕೊಂಡು, ತಮ್ಮನ ಮುಖವನ್ನು, ತನ್ನದೇ ಆದ ಆ ಮೂಗನ್ನು, ಆ ಕೆನ್ನೆಯನ್ನು ನೋಡಿ, ತಡೆಯಲಾರದೆ ಮತ್ತೆ ನಕ್ಕಳು. ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿ ಏನಾಯಿತೆಂದು ಕೇಳಿದಳು. "ನನ್ನ ತಮ್ಮ ಬಂದಿದಾನೆ ನೋಡೇ," ಎಂದಳು ಅಕ್ಕ, ಮಾತಿಗೊಂದು ನಗು ಬಿಕ್ಕುತ್ತ, "ಫ್ರಾನ್ಸಿಂದ!" ಆಮೇಲೆ ಒದ್ದೆ ಕೈಯಿಂದ ಅವನ ಮೊಣಕಾಲು ತಟ್ಟಿ, "ನಗೋ," ಎಂದಳು. "ಈ ಮನೇಲಿ ನೀನು ನಕ್ಕಿದ್ದು ನಾನು ನೋಡೇ ಇಲ್ಲ. ಅಲ್ಲಿ ನಕ್ಕೆಯಲ್ಲ, ಅಷ್ಟು ಚೆನ್ನಾಗಿ." ಅವನು ಬಾಯಿ ತೆರೆದ.